ಬ್ಯಾಕಪ್ ಆಗದ ಫೋನ್: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಮೈಕ್ ಕೆಟ್ಟರೆ ಕರೆ ಮಾಡಿದವರೇ ಹೇಳುತ್ತಾರೆ, ಚಾರ್ಜರ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಬ್ಯಾಕಪ್ ಕೆಟ್ಟಿರುವುದು ಮಾತ್ರ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಫೋನ್ ನೀರಿಗೆ ಬಿದ್ದು, ಹೊಸ ಫೋನಿನಲ್ಲಿ ಹಳೆಯ ಖಾತೆ ತೆರೆದಾಗ ಮಗುವಿನ ನಾಮಕರಣದ ಫೋಟೊಗಳು ಕಾಣುತ್ತವೆ, ಮೊದಲ ಹುಟ್ಟುಹಬ್ಬದ ಫೋಟೊಗಳು ಕಾಣುವುದಿಲ್ಲ. ನಡುವೆ ಯಾವಾಗಲೋ ಬ್ಯಾಕಪ್ ನಿಂತಿತ್ತು. ಎಚ್ಚರಿಕೆಯ ಸೂಚನೆಯೂ ಬಂದಿರುತ್ತದೆ. ರೀಚಾರ್ಜ್ ಕೊಡುಗೆ, ಸಾಲದ ಜಾಹೀರಾತುಗಳ ಜೊತೆಗೆ ಅದನ್ನೂ ಬೆರಳಿನಿಂದ ಸರಿಸಿಬಿಟ್ಟಿರುತ್ತಾರೆ. ಆದ್ದರಿಂದ ಫೋನ್ ಚೆನ್ನಾಗಿ ನಡೆಯುತ್ತಿರುವಾಗಲೇ ಇದನ್ನು ಪರೀಕ್ಷಿಸಿ ಎಂಬುದು ನನ್ನ ಕಳಕಳಿಯ ಕೋರಿಕೆ.

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್, ಅದರಲ್ಲಿ ಗೂಗಲ್ ಖಾತೆ. ಇಲ್ಲಿನ ವಿವರಣೆ ಮುಖ್ಯವಾಗಿ ಅದಕ್ಕೆ ಸಂಬಂಧಿಸಿದ್ದು. ಐಫೋನಿನ ವಿಚಾರ ಕೊನೆಯಲ್ಲಿ ಸ್ವಲ್ಪ ಇದೆ.

ದೋಷ ಹುಡುಕುವ ಮುನ್ನ ಮೂರು ಕೆಲಸಗಳನ್ನು ಮಾಡಬೇಡಿ. ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಫೋನಿನಿಂದ ಗೂಗಲ್ ಖಾತೆಯನ್ನು ತೆಗೆಯಬೇಡಿ. ವಾಟ್ಸ್‌ಆ್ಯಪ್‌ನ 'ಕ್ಲಿಯರ್ ಸ್ಟೋರೇಜ್' ಗುಂಡಿಯನ್ನು ಒತ್ತಬೇಡಿ. ಅದು ಫೋನಿನಲ್ಲಿರುವ ಮಾತುಕತೆಗಳನ್ನೇ ಅಳಿಸುತ್ತದೆ. 'ಕ್ಲಿಯರ್ ಕ್ಯಾಶ್' ಎಂಬುದು ಬೇರೆ, ಅದರಿಂದ ಅಪಾಯವಿಲ್ಲ. ಎರಡು ಗುಂಡಿಗಳೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇರುವುದರಿಂದ ಒತ್ತುವ ಮುನ್ನ ಇನ್ನೊಮ್ಮೆ ಓದಿಕೊಳ್ಳಿ.

ನಿಂತಿರುವುದು ಯಾವ ಬ್ಯಾಕಪ್?

'ನನ್ನ ಫೋನ್ ಬ್ಯಾಕಪ್ ಆಗುತ್ತಿಲ್ಲ' ಎನ್ನುವವರು ಮೊದಲು ಇದನ್ನು ಖಚಿತ ಮಾಡಿಕೊಳ್ಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಒಂದಲ್ಲ, ಕನಿಷ್ಠ ಮೂರು ಬ್ಯಾಕಪ್‌ಗಳು ಪ್ರತ್ಯೇಕವಾಗಿ ನಡೆಯುತ್ತವೆ. ಫೋಟೊ ಮತ್ತು ವಿಡಿಯೊಗಳನ್ನು ಗೂಗಲ್ ಫೋಟೋಸ್ ಕಳುಹಿಸುತ್ತದೆ. ವಾಟ್ಸ್‌ಆ್ಯಪ್ ತನ್ನ ಮಾತುಕತೆಗಳನ್ನು ತಾನೇ ಕಳುಹಿಸುತ್ತದೆ. ಆ್ಯಪ್‌ಗಳ ಪಟ್ಟಿ, ಎಸ್‌ಎಂಎಸ್, ಕರೆಗಳ ದಾಖಲೆ, ಸೆಟ್ಟಿಂಗ್ಸ್ ಇವುಗಳನ್ನು ಫೋನಿನ ಸ್ವಂತ ಬ್ಯಾಕಪ್ ನೋಡಿಕೊಳ್ಳುತ್ತದೆ. ಒಂದು ಸರಿಯಾಗಿ ನಡೆಯುತ್ತಿದ್ದರೂ ಇನ್ನೊಂದು ಸತ್ತಿರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಬ್ಯಾಕಪ್ ಆನ್' ಎಂದು ಹಸಿರಾಗಿ ಕಂಡಿತೆಂದು ನೆಮ್ಮದಿಯಾಗಿ ಕುಳಿತವರ ವಾಟ್ಸ್‌ಆ್ಯಪ್ ಕೊನೆಯ ಬಾರಿ ಬ್ಯಾಕಪ್ ಆದದ್ದು ಹಿಂದಿನ ವರ್ಷವಾಗಿರಬಹುದು.

ಮೂರನ್ನೂ ಒಂದೊಂದಾಗಿ ನೋಡಿ. ಗೂಗಲ್ ಫೋಟೋಸ್ ತೆರೆದು ಬಲ ಮೇಲ್ತುದಿಯ ನಿಮ್ಮ ಚಿತ್ರವನ್ನು ಮುಟ್ಟಿದರೆ ಅಲ್ಲಿಯೇ ಸ್ಥಿತಿ ತಿಳಿಯುತ್ತದೆ: ಬ್ಯಾಕಪ್ ಪೂರ್ಣವಾಗಿದೆ, ಆಫ್ ಆಗಿದೆ, ವೈಫೈಗಾಗಿ ಕಾಯುತ್ತಿದೆ, ಜಾಗ ತುಂಬಿದೆ. ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಎಂಬಲ್ಲಿಗೆ ಹೋದರೆ ಕೊನೆಯ ಬ್ಯಾಕಪ್‌ನ ದಿನಾಂಕ ಎರಡು ಕಡೆ ಇರುತ್ತದೆ: ಒಂದು 'ಲೋಕಲ್', ಇನ್ನೊಂದು ಗೂಗಲ್ ಖಾತೆಯದು. ಲೋಕಲ್ ಎಂದರೆ ಅದೇ ಫೋನಿನೊಳಗೆ ಇರುವ ಪ್ರತಿ. ಅದರ ದಿನಾಂಕ ದಿನವೂ ಬದಲಾಗುತ್ತಿರುತ್ತದೆ. ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ, ಫೋನ್ ಹೋದರೆ ಆ ಪ್ರತಿಯೂ ಹೋಗುತ್ತದೆ. ಮೂರನೆಯದು ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್' ಎಂಬುದರೊಳಗೆ 'ಬ್ಯಾಕಪ್' ಎಂಬಲ್ಲಿ ಸಿಗುತ್ತದೆ.

ಕ್ಯಾಲೆಂಡರಿನ ಒಂದು ಫೋಟೊ

ಹೆಚ್ಚು ಜನರನ್ನು ಕಾಡುವುದು ಫೋಟೊಗಳ ತೊಂದರೆ. ಅದಕ್ಕೆ ಒಂದು ಸಣ್ಣ ಪರೀಕ್ಷೆ ಸಾಕು. ಗೋಡೆಯ ಮೇಲಿನ ಕ್ಯಾಲೆಂಡರಿನ ಫೋಟೊ ತೆಗೆಯಿರಿ. ಒಳ್ಳೆಯ ವೈಫೈ ಇರುವಲ್ಲಿ, ಫೋನನ್ನು ಚಾರ್ಜಿಗೆ ಹಾಕಿ, ಗೂಗಲ್ ಫೋಟೋಸ್ ತೆರೆದಿಟ್ಟು ಕೆಲವು ನಿಮಿಷ ಕಾಯಿರಿ. ಆಮೇಲೆ ಆ ಫೋಟೊವನ್ನು ತೆರೆದು ಬೆರಳಿನಿಂದ ಮೇಲಕ್ಕೆ ಎಳೆಯಿರಿ. ಕೆಳಗೆ ವಿವರಗಳು ಬರುತ್ತವೆ, ಬ್ಯಾಕಪ್ ಆಗಿದೆಯೋ ಇಲ್ಲವೋ ಎಂದು ಅಲ್ಲಿಯೇ ಬರೆದಿರುತ್ತದೆ. ಇನ್ನೂ ಖಾತ್ರಿ ಬೇಕಾದರೆ ಕಂಪ್ಯೂಟರ್‌ನ ಬ್ರೌಸರಿನಲ್ಲಿ ಅದೇ ಖಾತೆಯಿಂದ ಗೂಗಲ್ ಫೋಟೋಸ್ ತೆರೆದು, ಕ್ಯಾಲೆಂಡರಿನ ಆ ಚಿತ್ರ ಅಲ್ಲಿ ಇದೆಯೇ ನೋಡಿ. ಫೋನಿನ ಪರದೆಯಲ್ಲಿ ಕಾಣುವುದು ಸಾಕ್ಷಿಯಲ್ಲ. ಆ ಆ್ಯಪ್ ಫೋನಿನೊಳಗಿನ ಚಿತ್ರಗಳನ್ನೂ ಆನ್‌ಲೈನ್‌ನಲ್ಲಿರುವುದನ್ನೂ ಒಟ್ಟಿಗೆ ತೋರಿಸುತ್ತದೆ.

ಈ ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ಹೊಸ ಫೋಟೊ ಹೋಯಿತು, ಹಳೆಯವು ಹೋಗಿಲ್ಲ ಎಂದಾದರೆ ಖಾತೆಯೂ ಸಂಪರ್ಕವೂ ಸರಿಯಾಗಿವೆ. ದೋಷ ಫೋಲ್ಡರುಗಳಲ್ಲಿ ಅಥವಾ ಯಾವುದೋ ಕಡತದಲ್ಲಿದೆ. ತೆರೆದಿಟ್ಟಾಗ ಹೋಯಿತು, ಆ್ಯಪ್ ಮುಚ್ಚಿದರೆ ಹೋಗುವುದಿಲ್ಲ ಎಂದಾದರೆ ಬ್ಯಾಟರಿ ನಿರ್ಬಂಧದ ಮೇಲೆ ಅನುಮಾನ ಪಡಬೇಕು. ಹೊಸದೂ ಹೋಗಲಿಲ್ಲವೆಂದರೆ ಜಾಗ, ಖಾತೆ, ಸಂಪರ್ಕ ಈ ಮೂರನ್ನು ಇದೇ ಅನುಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಒಂದು ಫೋಟೊ ತೆಗೆದು ಪರೀಕ್ಷಿಸಿ. ಐದು ಸೆಟ್ಟಿಂಗುಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಜಾಗ ತುಂಬಿರುವುದೇ ಮೊದಲ ಅನುಮಾನ

ಗೂಗಲ್ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. ಇದು ಗೊತ್ತಿದ್ದವರಿಗೂ ಎರಡು ಬದಲಾವಣೆಗಳು ನೆನಪಿರುವುದಿಲ್ಲ. 2021ರ ಜೂನ್ 1ಕ್ಕೂ ಮೊದಲು ಸ್ವಲ್ಪ ಕುಗ್ಗಿಸಿದ ಗುಣಮಟ್ಟದಲ್ಲಿ ಎಷ್ಟು ಫೋಟೊ ಹಾಕಿದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ದಿನದಿಂದ ಹಾಕಿದ್ದೆಲ್ಲವೂ 15 ಜಿಬಿಯೊಳಗೆ ಲೆಕ್ಕವಾಗುತ್ತಿದೆ. ಎರಡನೆಯದು ವಾಟ್ಸ್‌ಆ್ಯಪ್. ಆಂಡ್ರಾಯ್ಡ್‌ನಲ್ಲಿ ಅದರ ಬ್ಯಾಕಪ್‌ಗೂ ಲೆಕ್ಕವಿರಲಿಲ್ಲ. 2023ರ ಕೊನೆಯಲ್ಲಿ ಬೀಟಾ ಬಳಕೆದಾರರಿಂದ ಶುರುವಾಗಿ 2024ರಲ್ಲಿ ಹಂತ ಹಂತವಾಗಿ ಎಲ್ಲರಿಗೂ ಅದನ್ನು ಖಾತೆಯ ಜಾಗಕ್ಕೆ ಸೇರಿಸಲಾಯಿತು. ವರ್ಷಗಟ್ಟಲೆ ತೊಂದರೆಯಿಲ್ಲದೆ ನಡೆದ ಬ್ಯಾಕಪ್ 'ಏನೂ ಮಾಡದೆ' ನಿಂತುಹೋಯಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಏನನ್ನೂ ಬದಲಿಸಿಲ್ಲ, ಲೆಕ್ಕ ಹಾಕುವ ರೀತಿ ಬದಲಾಯಿತು.

ಜಾಗ ತುಂಬಿದೆ ಎನ್ನುವುದಕ್ಕೆ ಇನ್ನೊಂದು ಗುರುತು ಇದೆ: ಜಿಮೇಲಿಗೆ ಹೊಸ ಪತ್ರಗಳು ಬರುವುದೂ ನಿಲ್ಲುತ್ತದೆ. ಬ್ಯಾಂಕಿನ, ಶಾಲೆಯ ಪತ್ರಗಳು ಬರುತ್ತಿಲ್ಲ, ಜೊತೆಗೆ ಫೋಟೊಗಳೂ ಹೋಗುತ್ತಿಲ್ಲ ಎಂದರೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ. ಇದನ್ನು ಹಾಗೆಯೇ ಬಿಡುವುದೂ ಒಳ್ಳೆಯದಲ್ಲ. ಮಿತಿ ಮೀರಿದ ಸ್ಥಿತಿಯಲ್ಲಿ ಖಾತೆ ಎರಡು ವರ್ಷ ಉಳಿದರೆ ಅದರಲ್ಲಿರುವುದನ್ನು ಅಳಿಸುವ ಹಕ್ಕನ್ನು ಗೂಗಲ್ ತನ್ನ ನಿಯಮದಲ್ಲಿ ಇರಿಸಿಕೊಂಡಿದೆ.

ಜಾಗ ಮಾಡುವಾಗಲೇ ಬಹಳ ಜನ ನಷ್ಟ ಮಾಡಿಕೊಳ್ಳುವುದರಿಂದ ಇಲ್ಲಿ ನಿಧಾನವಾಗಿ ಹೆಜ್ಜೆ ಇಡಿ. ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಫೋಟೊ ಆರಿಸಿ 'ಡಿಲೀಟ್' ಒತ್ತಿದರೆ ಅದು ಫೋನಿನಿಂದಲೂ ಹೋಗುತ್ತದೆ, ಆನ್‌ಲೈನ್‌ನಿಂದಲೂ ಹೋಗುತ್ತದೆ. 'ಫೋನಿನಲ್ಲಿ ಇದ್ದೇ ಇರುತ್ತದಲ್ಲ, ಇಲ್ಲಿಂದ ತೆಗೆಯೋಣ' ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ತಪ್ಪಿ ಅಳಿಸಿದ್ದರೆ ಬ್ಯಾಕಪ್ ಆಗಿದ್ದ ಫೋಟೊ 60 ದಿನ, ಆಗಿರದ ಫೋಟೊ 30 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅಷ್ಟರೊಳಗೆ ಮರಳಿ ಪಡೆಯಬಹುದು. 'ಫ್ರೀ ಅಪ್ ಸ್ಪೇಸ್' ಎಂಬ ಆಯ್ಕೆಯ ಕೆಲಸವೇ ಬೇರೆ: ಬ್ಯಾಕಪ್ ಆಗಿರುವ ಚಿತ್ರಗಳ ಪ್ರತಿಯನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ಅದರಿಂದ ಫೋನಿನಲ್ಲಿ ಜಾಗವಾಗುತ್ತದೆಯೇ ಹೊರತು ಖಾತೆಯ 15 ಜಿಬಿಯಲ್ಲಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಗೂಗಲ್ ಒನ್ ಸ್ಟೋರೇಜ್ ಪುಟ ತೆರೆದರೆ ಯಾವುದು ಎಷ್ಟು ತಿಂದಿದೆ ಎಂದು ತಿಳಿಯುತ್ತದೆ, ದೊಡ್ಡ ಕಡತಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಮೊದಲು ಡ್ರೈವ್ ಮತ್ತು ಜಿಮೇಲ್‌ನ ಕಸದ ಬುಟ್ಟಿ, ಸ್ಪ್ಯಾಮ್ ಖಾಲಿ ಮಾಡಿ. ನಂತರ ಜಿಮೇಲ್‌ನಲ್ಲಿರುವ ಭಾರದ ಲಗತ್ತುಗಳು. ಆಮೇಲೆ ವಾಟ್ಸ್‌ಆ್ಯಪ್: ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ', ಅದರಲ್ಲಿ 'ಮ್ಯಾನೇಜ್ ಸ್ಟೋರೇಜ್' ತೆರೆದರೆ ಹಲವು ಬಾರಿ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಎಂದು ಬೇರೆ ಬೇರೆಯಾಗಿ ಜೋಡಿಸಿಟ್ಟಿರುತ್ತದೆ. ಶುಭೋದಯದ ಚಿತ್ರಗಳೂ ಹಬ್ಬದ ಶುಭಾಶಯದ ವಿಡಿಯೊಗಳೂ ಎಷ್ಟು ಜಾಗ ಹಿಡಿದಿವೆ ಎಂಬುದು ಅಲ್ಲಿ ನೋಡಿದಾಗಲೇ ತಿಳಿಯುವುದು. ಮನೆಯವರ ಫೋಟೊಗಳನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಫೋಟೋಸ್‌ನ ಬ್ಯಾಕಪ್ ಗುಣಮಟ್ಟವನ್ನು 'ಸ್ಟೋರೇಜ್ ಸೇವರ್' ಎಂದು ಬದಲಿಸಿ ನೋಡಿ. ಆಮೇಲೆ ಹೋಗುವ ಫೋಟೊ 16 ಮೆಗಾಪಿಕ್ಸೆಲ್‌ಗೆ, ವಿಡಿಯೊ 1080ಪಿಗೆ ಕುಗ್ಗುತ್ತದೆ. ದೊಡ್ಡ ಅಳತೆಯಲ್ಲಿ ಮುದ್ರಿಸುವವರಲ್ಲದಿದ್ದರೆ ನೋಡುವಾಗ ವ್ಯತ್ಯಾಸ ತಿಳಿಯುವುದು ಕಷ್ಟ. ಇಷ್ಟು ಮಾಡಿದರೂ ಸಾಲದಿದ್ದರೆ ಹಣ ಕೊಟ್ಟು ಜಾಗ ಹೆಚ್ಚಿಸಿಕೊಳ್ಳುವುದು ವ್ಯರ್ಥ ಖರ್ಚಲ್ಲ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯವರು ಮಾಡಿಕೊಟ್ಟ ಖಾತೆ

ಜಾಗ ಇದೆ, ಆದರೂ ಬ್ಯಾಕಪ್ ಇಲ್ಲ. ಹಾಗಿದ್ದರೆ ಯಾವ ಖಾತೆಗೆ ಹೋಗುತ್ತಿದೆ ನೋಡಿ. ನಮ್ಮ ಊರುಗಳಲ್ಲಿ ಹಿರಿಯರ ಫೋನುಗಳಲ್ಲಿ ಪದೇ ಪದೇ ಸಿಗುವ ದೋಷ ಇದು: ಫೋನ್ ಕೊಂಡ ದಿನ ಅಂಗಡಿಯ ಹುಡುಗ ತಾನೇ ಒಂದು ಜಿಮೇಲ್ ಖಾತೆ ತೆರೆದು, ಒಂದು ಪಾಸ್‌ವರ್ಡ್ ಹಾಕಿ, ಆ್ಯಪ್‌ಗಳನ್ನು ಇಳಿಸಿ ಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಇವರಿಗಂತೂ ಮೊದಲೇ ಗೊತ್ತಿಲ್ಲ. ಮುಂದೆ ಮಗಳು ಇನ್ನೊಂದು ಖಾತೆ ಸೇರಿಸುತ್ತಾಳೆ. ಫೋಟೊ ಒಂದು ಖಾತೆಗೆ, ವಾಟ್ಸ್‌ಆ್ಯಪ್ ಇನ್ನೊಂದಕ್ಕೆ. 'ಅಪ್ಪಾ, ನಿಮ್ಮ ಜಿಮೇಲ್ ಯಾವುದು?' ಎಂದು ಕೇಳಿದರೆ 'ಅದೆಲ್ಲ ನನಗೆ ಗೊತ್ತಿಲ್ಲಮ್ಮ, ಅಂಗಡಿಯವರು ಹಾಕಿಕೊಟ್ಟಿದ್ದು' ಎನ್ನುತ್ತಾರೆ.

ಖಾತೆ ಅದೇ ಫೋನಿನಲ್ಲಿ ಇನ್ನೂ ತೆರೆದಿರುವಾಗ ಪಾಸ್‌ವರ್ಡ್ ಬದಲಿಸಿಕೊಳ್ಳುವುದು ಸುಲಭ, ಏಕೆಂದರೆ ಆ ಫೋನನ್ನೇ ಗೂಗಲ್ ಗುರುತಾಗಿ ಒಪ್ಪುತ್ತದೆ. ಖಾತೆಯ ನಿರ್ವಹಣೆಯಲ್ಲಿ 'ಸೆಕ್ಯುರಿಟಿ' ವಿಭಾಗಕ್ಕೆ ಹೋಗಿ ಹೊಸ ಪಾಸ್‌ವರ್ಡ್ ಇಡಿ, ಈಗ ಬಳಕೆಯಲ್ಲಿರುವ ಫೋನ್ ಸಂಖ್ಯೆಯನ್ನು ಸೇರಿಸಿ, ಮನೆಯ ದಿನಚರಿ ಪುಸ್ತಕದಲ್ಲಿ ಖಾತೆಯ ಹೆಸರನ್ನು ಬರೆದಿಡಿ. ರೀಸೆಟ್ ಮಾಡಿದ ಮೇಲೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಅಷ್ಟೇ ಅಲ್ಲ, ಆಂಡ್ರಾಯ್ಡ್ 5.1ರಿಂದ ಬಂದಿರುವ ಕಳ್ಳತನ ತಡೆಯುವ ವ್ಯವಸ್ಥೆ ರೀಸೆಟ್ ಆದ ಫೋನ್ ಚಾಲೂ ಮಾಡುವಾಗ ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳಬಹುದು. ರೀಸೆಟ್ ಬೇಡ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಖಾತೆಯ ಪಾಸ್‌ವರ್ಡನ್ನು ಬೇರೆಲ್ಲೋ ಬದಲಿಸಿ ಈ ಫೋನಿನಲ್ಲಿ ಮತ್ತೆ ಲಾಗಿನ್ ಆಗದಿದ್ದರೂ ಬ್ಯಾಕಪ್ ನಿಲ್ಲುತ್ತದೆ. ಕಚೇರಿಯಿಂದ ಕೊಟ್ಟ ಫೋನಾದರೆ ಬ್ಯಾಕಪ್ ಆಯ್ಕೆಯನ್ನೇ ಸಂಸ್ಥೆಯವರು ಮುಚ್ಚಿರಬಹುದು. ಅದನ್ನು ನೀವು ಸರಿಪಡಿಸಲಾಗದು, ಅವರ ತಾಂತ್ರಿಕ ವಿಭಾಗವನ್ನೇ ಕೇಳಬೇಕು.

ಸಂಪರ್ಕ ಇದೆ, ಆದರೆ ಹೋಗುತ್ತಿಲ್ಲ

ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಬಳಕೆಗೆ ಬೇರೆಯೇ ಅನುಮತಿ ಇದೆ. ಅದನ್ನು ಕೊಡದಿದ್ದರೆ ಆ್ಯಪ್ ವೈಫೈಗಾಗಿ ಕಾಯುತ್ತಲೇ ಇರುತ್ತದೆ. ಮನೆಯಲ್ಲಿ ವೈಫೈ ಇಲ್ಲದವರ ಫೋನಿನಲ್ಲಿ ಈ ಕಾಯುವಿಕೆಗೆ ಕೊನೆಯೇ ಇಲ್ಲ. ಇನ್ನೊಬ್ಬರ ಹಾಟ್‌ಸ್ಪಾಟ್ ಹಿಡಿದರೂ ಕೆಲವೊಮ್ಮೆ ಸಾಲದು, ಏಕೆಂದರೆ ಆಂಡ್ರಾಯ್ಡ್ ಅದನ್ನು ಮಿತವಾಗಿ ಬಳಸಬೇಕಾದ ಸಂಪರ್ಕವೆಂದು ಗುರುತಿಸಿಕೊಂಡಿರುತ್ತದೆ. ಆ ವೈಫೈನ ವಿವರಗಳಲ್ಲಿ 'ಮೀಟರ್ಡ್' ಎಂಬ ಆಯ್ಕೆಯನ್ನು 'ಅನ್‌ಮೀಟರ್ಡ್' ಎಂದು ಬದಲಿಸಬಹುದು. ಡೇಟಾ ಯಾರದೆಂದು ಮರೆಯಬೇಡಿ.

ಮೊಬೈಲ್ ಡೇಟಾದಲ್ಲಿಯೇ ಬ್ಯಾಕಪ್ ಮಾಡುವವರು ದಿನದ ಮಿತಿಯನ್ನು ಗಮನಿಸಬೇಕು. ನಮ್ಮ ಪ್ರೀಪೇಯ್ಡ್ ಯೋಜನೆಗಳಲ್ಲಿ ದಿನಕ್ಕೆ 1.5 ಅಥವಾ 2 ಜಿಬಿ ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. 4 ಎಂಬಿಯ ಒಂದೇ ಒಂದು ಫೋಟೊ ಹೋಗಲು ಆ ವೇಗದಲ್ಲಿ 8 ನಿಮಿಷಕ್ಕೂ ಹೆಚ್ಚು ಬೇಕು. 200 ಎಂಬಿಯ ಮದುವೆಯ ವಿಡಿಯೊಗೆ ಸುಮಾರು 7 ಗಂಟೆ. ಸಂಜೆಯವರೆಗೆ ರೀಲ್ಸ್ ನೋಡಿ ರಾತ್ರಿ ಬ್ಯಾಕಪ್ ಆಗಲಿ ಎಂದು ಬಿಟ್ಟರೆ ಬೆಳಗ್ಗೆ ಬಾಕಿ ಇರುವ ಫೋಟೊಗಳ ಅಂಕಿ ಅಲ್ಲಿಯೇ ನಿಂತಿರುತ್ತದೆ. ಮಧ್ಯರಾತ್ರಿ ಹೊಸ ದಿನದ ಡೇಟಾ ಬಂದ ಮೇಲೆ, ಅಥವಾ ಬೆಳಗ್ಗೆ ಎದ್ದೊಡನೆ ಮೊದಲ ಕೆಲಸವಾಗಿ ಇದನ್ನು ಮಾಡಿ.

ವೈಫೈ ಇದ್ದವರೂ ಅಪ್‌ಲೋಡ್ ವೇಗವನ್ನು ಪರೀಕ್ಷಿಸಬೇಕು. ವಿಡಿಯೊ ತಡೆಯಿಲ್ಲದೆ ಓಡುತ್ತದೆ ಎಂಬುದು ಡೌನ್‌ಲೋಡ್ ಚೆನ್ನಾಗಿದೆ ಎಂದಷ್ಟೇ ಹೇಳುತ್ತದೆ. ಅಪ್‌ಲೋಡ್ 2 ಎಂಬಿಪಿಎಸ್ ಇದ್ದರೆ 20 ಜಿಬಿ ಹೋಗಲು 22 ಗಂಟೆ ಬೇಕು, ಅದೂ ಕರೆಂಟು ಹೋಗದೆ ಇದ್ದರೆ. ಇದು ದೋಷವಲ್ಲ, ಕಾಯಬೇಕಾದ ಕೆಲಸ. ವಿಪಿಎನ್ ಅಥವಾ ಜಾಹೀರಾತು ತಡೆಯುವ ಖಾಸಗಿ ಡಿಎನ್‌ಎಸ್ ಹಾಕಿಕೊಂಡಿದ್ದರೆ ಸ್ವಲ್ಪ ಹೊತ್ತು ತೆಗೆದು ನೋಡಿ. ಫೋನಿನ ದಿನಾಂಕ ಮತ್ತು ಸಮಯ ತಪ್ಪಿದ್ದರೂ ಸುರಕ್ಷಿತ ಸಂಪರ್ಕ ಏರ್ಪಡುವುದಿಲ್ಲ. ಸಮಯವನ್ನು 'ಆಟೊಮ್ಯಾಟಿಕ್' ಎಂದು ಇಡಿ.

ಬ್ಯಾಟರಿಯ ಕಟ್ಟಳೆ

ಶವೋಮಿ, ವಿವೊ, ಒಪ್ಪೊ, ರಿಯಲ್‌ಮಿ ಮುಂತಾದ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ಬಲು ಬೇಗ ನಿಲ್ಲಿಸುತ್ತವೆ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಫೋಟೋಸ್ ಮತ್ತು ವಾಟ್ಸ್‌ಆ್ಯಪ್ ಎರಡಕ್ಕೂ ಬ್ಯಾಟರಿ ಬಳಕೆಯ ನಿರ್ಬಂಧ ತೆಗೆಯಿರಿ, 'ಆಟೊಸ್ಟಾರ್ಟ್' ಇದ್ದರೆ ಅನುಮತಿ ಕೊಡಿ. ಬ್ಯಾಟರಿ ಸೇವರ್ ಸದಾ ಚಾಲೂ ಇದ್ದರೆ ಬ್ಯಾಕಪ್ ಸರಿಯಾಗಿ ನಡೆಯದು. ಇತ್ತೀಚಿನ ಆ್ಯಪ್‌ಗಳ ಪರದೆಯಿಂದ ಎಲ್ಲವನ್ನೂ ಸರಿಸಿ 'ಕ್ಲೀನ್' ಮಾಡುವ ಅಭ್ಯಾಸವಿದ್ದವರು ಬ್ಯಾಕಪ್ ಮುಗಿಯುವವರೆಗೆ ಅದನ್ನು ಬಿಟ್ಟುಬಿಡಿ.

ಕೆಲವು ಮಾತ್ರ ಹೋಗುತ್ತಿಲ್ಲವೆಂದರೆ

ಕ್ಯಾಮೆರಾದಲ್ಲಿ ತೆಗೆದದ್ದು ಹೋಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಹೋಗುವುದಿಲ್ಲ. ಇದು ಕೆಟ್ಟಿರುವುದಲ್ಲ, ಫೋಟೋಸ್ ತಾನಾಗಿ ನೋಡಿಕೊಳ್ಳುವುದು ಕ್ಯಾಮೆರಾ ಫೋಲ್ಡರನ್ನು ಮಾತ್ರ. ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಚಿತ್ರಗಳು, ಮೆಮೊರಿ ಕಾರ್ಡಿನ ಫೋಲ್ಡರುಗಳು ಬೇಕಾದರೆ ಬ್ಯಾಕಪ್ ಸೆಟ್ಟಿಂಗ್ಸ್‌ನ ಫೋಲ್ಡರುಗಳ ಪಟ್ಟಿಯಲ್ಲಿ ಒಂದೊಂದನ್ನೂ ಚಾಲೂ ಮಾಡಬೇಕು. ಅನುಮತಿಯನ್ನೂ ಒಮ್ಮೆ ನೋಡಿ: ಆಂಡ್ರಾಯ್ಡ್ 14ರಿಂದ ಆ್ಯಪ್‌ಗೆ ಆಯ್ದ ಚಿತ್ರಗಳನ್ನಷ್ಟೇ ತೋರಿಸುವ ಆಯ್ಕೆ ಬಂದಿದೆ. ಅದನ್ನು ಆರಿಸಿದ್ದರೆ ಉಳಿದವು ಆ್ಯಪ್‌ಗೆ ಕಾಣುವುದೇ ಇಲ್ಲ.

ಎಣಿಕೆ ಒಂದೇ ಅಂಕಿಯಲ್ಲಿ ಸಿಕ್ಕಿಕೊಂಡಿದ್ದರೆ ಅರ್ಧಕ್ಕೆ ನಿಂತ ಅಥವಾ ಕೆಟ್ಟ ವಿಡಿಯೊ ಒಂದಿರಬಹುದು. ರೆಕಾರ್ಡ್ ಮಾಡುವಾಗ ಫೋನ್ ಆರಿಹೋದರೆ ಇಂಥವು ಉಳಿಯುತ್ತವೆ. ಬ್ಯಾಕಪ್ ಆಗದವುಗಳಲ್ಲಿ ಒಂದೊಂದನ್ನೂ ತೆರೆದು ನೋಡಿ, ಓಡದೇ ಇರುವುದನ್ನು ಕಂಪ್ಯೂಟರ್‌ಗೆ ಸರಿಸಿ.

ವಾಟ್ಸ್‌ಆ್ಯಪ್ ಮತ್ತು ಫೋನಿನ ಸ್ವಂತ ಬ್ಯಾಕಪ್

ವಾಟ್ಸ್‌ಆ್ಯಪ್ ಮೊದಲು ಫೋನಿನೊಳಗೆ ಪ್ರತಿ ತಯಾರಿಸಿ ನಂತರ ಅದನ್ನು ಕಳುಹಿಸುತ್ತದೆ. ಹಾಗಾಗಿ ಖಾತೆಯಲ್ಲಿ ಜಾಗವಿದ್ದರೂ ಫೋನಿನ ಮೆಮೊರಿ ಭರ್ತಿಯಾಗಿದ್ದರೆ ಆರಂಭದಲ್ಲಿಯೇ ನಿಲ್ಲುತ್ತದೆ. ಬ್ಯಾಕಪ್‌ನಲ್ಲಿ ವಿಡಿಯೊಗಳನ್ನು ಸೇರಿಸುವ ಆಯ್ಕೆಯನ್ನು ತೆಗೆದು ಒಮ್ಮೆ ಪ್ರಯತ್ನಿಸಿ; ಗಾತ್ರ ಬಹಳ ಇಳಿಯುತ್ತದೆ. ಗೂಗಲ್ ಸೇವೆಗಳು ನಡೆಯಲು ಫೋನಿನಲ್ಲಿರುವ 'ಗೂಗಲ್ ಪ್ಲೇ ಸರ್ವಿಸಸ್' ಎಂಬ ತಂತ್ರಾಂಶ ಹಳೆಯದಾಗಿದ್ದರೂ ಇದು ಮುಗ್ಗರಿಸುತ್ತದೆ, ಅದನ್ನು ಅಪ್‌ಡೇಟ್ ಮಾಡಿ. 2021ರಿಂದ ಈ ಬ್ಯಾಕಪ್‌ಗೆ ಪೂರ್ಣ ಗೂಢಲಿಪೀಕರಣದ ಆಯ್ಕೆಯೂ ಇದೆ. ಚಾಲೂ ಮಾಡಿದ್ದರೆ ಆಗ ಇಟ್ಟ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿಯನ್ನು ಜೋಪಾನ ಮಾಡಿ. ಫೋನೂ ಹೋಗಿ ಕೀಲಿಯೂ ಹೋದರೆ ಬ್ಯಾಕಪ್ ಇದ್ದೂ ತೆರೆಯಲಾಗದು, ವಾಟ್ಸ್‌ಆ್ಯಪ್‌ನವರೂ ತೆರೆದುಕೊಡಲಾರರು.

ಫೋನಿನ ಸ್ವಂತ ಬ್ಯಾಕಪ್ ನಡೆಯುವುದು ಫೋನ್ ಚಾರ್ಜಿನಲ್ಲಿದ್ದು, ವೈಫೈ ಇದ್ದು, ಯಾರೂ ಬಳಸದೆ ಇರುವಾಗ. ಮೊದಲ ಬಾರಿಗೆ 24 ಗಂಟೆಯವರೆಗೂ ಹಿಡಿಯಬಹುದು. 'ಬ್ಯಾಕಪ್ ನೌ' ಗುಂಡಿ ಮಂಕಾಗಿ ಒತ್ತಲಾಗದಂತಿದ್ದರೆ ಸ್ಕ್ರೀನ್ ಲಾಕ್ ಇದೆಯೇ ನೋಡಿ, ಇಲ್ಲದಿದ್ದರೆ ಪಿನ್ ಇಟ್ಟು ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿ. ಇದರ ಮಿತಿಯೂ ತಿಳಿದಿರಲಿ: ಒಂದು ಆ್ಯಪ್‌ನ ದತ್ತಾಂಶ 25 ಎಂಬಿವರೆಗೆ ಮಾತ್ರ ಉಳಿಯುತ್ತದೆ, ಬ್ಯಾಕಪ್ ಬೇಡವೆನ್ನುವ ಆ್ಯಪ್‌ಗಳೂ ಇವೆ. ಫೋನನ್ನು 57 ದಿನ ಬಳಸದೆ ಬಿಟ್ಟರೆ ಈ ಬ್ಯಾಕಪ್ ಅಳಿಸಿಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿರುವ ಚಿತ್ರಗಳಿಗೆ ಈ ನಿಯಮವಿಲ್ಲ. ಕೆಟ್ಟ ಫೋನನ್ನು ಬೀರುವಿನಲ್ಲಿಟ್ಟು 'ಬ್ಯಾಕಪ್ ಇದೆಯಲ್ಲ' ಎಂದುಕೊಂಡವರು ದಿನ ಎಣಿಸಬೇಕು.

ಐಫೋನ್ ಇದ್ದವರಿಗೆ

ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ, ಆದ್ದರಿಂದ ಇಲ್ಲಿಯೂ ಮೊದಲ ಅನುಮಾನ ಅದೇ. ರಾತ್ರಿ ಚಾರ್ಜಿಗೆ ಹಾಕಿ, ವೈಫೈ ಇರಿಸಿ, ಪರದೆ ಲಾಕ್ ಆಗಿದ್ದರೆ ಬ್ಯಾಕಪ್ ತಾನೇ ನಡೆಯುತ್ತದೆ. 'ಐಕ್ಲೌಡ್ ಫೋಟೋಸ್' ಚಾಲೂ ಇದ್ದರೆ ಫೋಟೊಗಳು ಅದರ ಮೂಲಕ ಹೋಗುತ್ತವೆ, ಬ್ಯಾಕಪ್‌ನೊಳಗೆ ಸೇರುವುದಿಲ್ಲ. ಅಲ್ಲಿ ಅಳಿಸಿದ ಫೋಟೊ ಅದೇ ಖಾತೆಯ ಎಲ್ಲ ಸಾಧನಗಳಿಂದಲೂ ಹೋಗುತ್ತದೆ. ಬ್ಯಾಕಪ್ ಆಫ್ ಮಾಡಿದರೆ ಹಳೆಯ ಬ್ಯಾಕಪ್ 180 ದಿನ ಮಾತ್ರ ಉಳಿಯುತ್ತದೆ. ಐಫೋನಿನಲ್ಲಿ ಗೂಗಲ್ ಫೋಟೋಸ್ ಬಳಸುವವರು ದೊಡ್ಡ ಬ್ಯಾಕಪ್ ಇರುವಾಗ ಆ್ಯಪನ್ನು ತೆರೆದೇ ಇಡುವುದು ಒಳ್ಳೆಯದು.

ಯಾವುದಕ್ಕೂ ಬಗ್ಗದಿದ್ದರೆ

ಫೋಟೋಸ್ ಮತ್ತು ಪ್ಲೇ ಸರ್ವಿಸಸ್‌ನ ಕ್ಯಾಶ್ ತೆರವು ಮಾಡಿ, ಅಪ್‌ಡೇಟ್‌ಗಳನ್ನು ಹಾಕಿ, ಬೇರೊಂದು ವೈಫೈಯಲ್ಲಿ ಪರೀಕ್ಷಿಸಿ. ಆಗಲೂ ಹೋಗದಿದ್ದರೆ ಮುಂದಿನ ಪ್ರಯೋಗಕ್ಕೆ ಮೊದಲು ಒಂದು ಡೇಟಾ ಕೇಬಲ್ ಹುಡುಕಿ. ಕೆಲವು ಕೇಬಲ್‌ಗಳು ಚಾರ್ಜಿಗೆ ಮಾತ್ರ ಬರುತ್ತವೆ, ಕಂಪ್ಯೂಟರ್ ಫೋನನ್ನು ಗುರುತಿಸದಿದ್ದರೆ ಬೇರೆ ಕೇಬಲ್ ಹಾಕಿ. ಸಂಪರ್ಕವಾದ ಮೇಲೆ ಫೋನಿನಲ್ಲಿ ಬರುವ ಸೂಚನೆಯನ್ನು ಮುಟ್ಟಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. 'ಡಿಸಿಐಎಂ' ಮತ್ತು 'ಪಿಕ್ಚರ್ಸ್' ಫೋಲ್ಡರುಗಳನ್ನು ಇಡಿಯಾಗಿ ನಕಲು ಮಾಡಿ. ವಾಟ್ಸ್‌ಆ್ಯಪ್‌ನ ಕಡತಗಳು 'ಆಂಡ್ರಾಯ್ಡ್' ಎಂಬುದರೊಳಗಿನ 'ಮೀಡಿಯಾ' ಫೋಲ್ಡರಿನಲ್ಲಿರುತ್ತವೆ, ಅದನ್ನೂ ತೆಗೆದುಕೊಳ್ಳಿ. ಕಂಪ್ಯೂಟರ್‌ನಲ್ಲಿ ಹಳೆಯ ಎರಡು ಫೋಟೊ, ಈ ವಾರದ ಎರಡು ಫೋಟೊ, ಒಂದು ಉದ್ದದ ವಿಡಿಯೊ ತೆರೆದು ಕೊನೆಯವರೆಗೆ ಓಡುತ್ತದೆಯೇ ನೋಡಿ. ಸರ್ವಿಸ್ ಸೆಂಟರಿಗೆ ಕೊಡುವುದಾದರೂ, ರೀಸೆಟ್ ಮಾಡುವುದಾದರೂ ಅದಾದ ಮೇಲೆ.